ಕೇಂದ್ರೀಕೃತ ಪೊಲೀಸ್ ಮಾಹಿತಿ ಶೋಧ: ಭಾರತದಲ್ಲಿ ಅದರ ಇತಿಹಾಸ ಮತ್ತು ಖಾಸಗಿತನ

ಬೇರೆ ಬೇರೆ ಠಾಣೆ, ಜಿಲ್ಲೆ, ಇಲಾಖೆಗಳಲ್ಲಿ ಚದುರಿರುವ ದಾಖಲೆಗಳನ್ನು ಒಂದೇ ಕಡೆ ಕುಳಿತು, ಒಂದು ಹೆಸರು ಅಥವಾ ಗುರುತಿನ ಮೇಲೆ ಹುಡುಕಲು ಪೊಲೀಸರಿಗೂ ಗುಪ್ತಚರ ಸಂಸ್ಥೆಗಳಿಗೂ ಅನುವು ಮಾಡಿಕೊಡುವ ಏರ್ಪಾಡು. ಭಾರತದಲ್ಲಿ ಇದರ ಮುಖ್ಯ ರೂಪಗಳು ಮೂರು: ಠಾಣೆಗಳನ್ನು ಬೆಸೆಯುವ ಸಿಸಿಟಿಎನ್‌ಎಸ್, ಗುಪ್ತಚರ ಸಂಸ್ಥೆಗಳ ನ್ಯಾಟ್‌ಗ್ರಿಡ್ ಮತ್ತು ಬೆರಳಚ್ಚಿನ ನಾಫಿಸ್. ಖಾಸಗಿತನದ ಮಾತು ಬಂದಾಗ ಮಾಹಿತಿ ಸೋರಿಕೆಯ ಭಯವೇ ಮೊದಲು ಕಾಡುತ್ತದೆ. ಆ ಭಯ ಸಕಾರಣವಾದದ್ದೇ. ಈ ಏರ್ಪಾಡಿನ ಚರಿತ್ರೆಯುದ್ದಕ್ಕೂ ಕಾಣುವ ಅಪಾಯ ಮಾತ್ರ ಅದಕ್ಕಿಂತ ಆಳವಾದದ್ದು. ಒಬ್ಬ ಅಧಿಕಾರಿ ಒಂದೂರಿನಲ್ಲಿ ಬರೆದಿಟ್ಟ ಸಂಶಯ, ಯಾವ ನ್ಯಾಯಾಧೀಶರ ಕಣ್ಣಿಗೂ ಬೀಳದೆ, ದೇಶದ ಎಲ್ಲೆಡೆ ಓದಲು ಸಿಗುವ ಸಂಗತಿಯಾಗಿಬಿಡುತ್ತದೆ.

ದಾಖಲೆ ಇಡುವುದು ಹಳೆಯ ಕೆಲಸ. ಅದನ್ನು ಹುಡುಕಬಲ್ಲಂತೆ ಜೋಡಿಸುವುದು ಬೇರೆಯೇ ವಿದ್ಯೆ. ಆ ವಿದ್ಯೆಯ ಒಂದು ದೊಡ್ಡ ಹೆಜ್ಜೆ ಬಿದ್ದದ್ದು ಕಲ್ಕತ್ತೆಯಲ್ಲಿ. 1897ರಲ್ಲಿ ಅಲ್ಲಿ ತೆರೆದ ಬೆರಳಚ್ಚು ಕಚೇರಿ ಜಗತ್ತಿನ ಮೊದಮೊದಲ ಬೆರಳಚ್ಚು ಕಚೇರಿಗಳಲ್ಲಿ ಒಂದು. ಬಂಗಾಳ ಪೊಲೀಸಿನ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ದುಡಿದು ರೂಪಿಸಿದ ವರ್ಗೀಕರಣಕ್ಕೆ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರು ಬಂತು. ಹತ್ತು ಬೆರಳುಗಳನ್ನು ಐದು ಜೋಡಿ ಮಾಡಿ, ಯಾವ ಜೋಡಿಯಲ್ಲಿ ಸುಳಿ ಇದೆ ಎಂಬುದಕ್ಕೆ ಅಂಕಿ ಕೊಟ್ಟು ಕೂಡಿಸಿದರೆ ಚೀಟಿಗಳು 1,024 ಗೂಡುಗಳಲ್ಲಿ ಹಂಚಿಹೋಗುತ್ತವೆ. ಹೊಸ ಚೀಟಿಯೊಂದು ಬಂದಾಗ ಇಡೀ ರಾಶಿ ತಡಕಬೇಕಿಲ್ಲ, ಅದಕ್ಕೆ ಸೇರಿದ ಗೂಡಿಗೆ ಕೈಹಾಕಿದರೆ ಸಾಕು.

ಇದೇ ಕಾಲದಲ್ಲಿ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನೇ ಪಟ್ಟಿಗೆ ಏರಿಸುತ್ತಿತ್ತು. ಹುಟ್ಟೇ ಸಂಶಯಕ್ಕೆ ಆಧಾರವಾಗಿತ್ತು. ಪಟ್ಟಿಯಲ್ಲಿದ್ದವರು ಹಾಜರಿ ಹಾಕಬೇಕು, ಊರು ಬಿಡಲು ಪಾಸು ಪಡೆಯಬೇಕು. ಮುಂಬೈ ಪ್ರಾಂತ್ಯದ ಆಡಳಿತದಲ್ಲಿ ಇಂಥವರನ್ನು ಬೇಲಿಯೊಳಗೆ ಕೂಡಿಹಾಕಿದ ವಸಾಹತೊಂದು ಹುಬ್ಬಳ್ಳಿಯಲ್ಲಿತ್ತು. ಸೆಟ್ಲ್‌ಮೆಂಟ್ ಎಂಬ ಹೆಸರು ಅಲ್ಲಿ ಇಂದಿಗೂ ಉಳಿದಿದೆ. 1952ರಲ್ಲಿ ಕಾಯ್ದೆ ರದ್ದಾಯಿತು. ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು, ಸಂಶಯಿತರ ಮೇಲೆ ಠಾಣೆ ತೆರೆದಿಡುವ ಹಾಳೆಯಾದ ಹಿಸ್ಟರಿ ಶೀಟ್ ಅಂತೂ ಹಾಗೆಯೇ ಮುಂದುವರಿಯಿತು. ಕರ್ನಾಟಕದಲ್ಲಿ ಅದರ ಸೋದರ ರೂಪವೇ ಪೊಲೀಸ್ ಕೈಪಿಡಿಯ 1059ನೇ ಆದೇಶದಡಿ ತೆರೆಯುವ ರೌಡಿಶೀಟ್. ಇವನ್ನು ತೆರೆಯಲು ಶಿಕ್ಷೆ ಆಗಿರಲೇಬೇಕೆಂದಿಲ್ಲ.

ಸ್ವತಂತ್ರ ಭಾರತದಲ್ಲಿ ಈ ಹಾಳೆಯನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದವರು ಉತ್ತರ ಪ್ರದೇಶದ ಖಡಕ್ ಸಿಂಗ್. ದರೋಡೆ ಪ್ರಕರಣವೊಂದರಲ್ಲಿ ಬಂಧಿತರಾದ ಅವರನ್ನು ಸಾಕ್ಷ್ಯ ಸಾಲದೆಂದು ಬಿಟ್ಟಿದ್ದರು. ಆದರೂ ಹಿಸ್ಟರಿ ಶೀಟ್ ತೆರೆಯಲಾಯಿತು. ಆಮೇಲೆ ರಾತ್ರಿ ಹೊತ್ತು ಕಾನ್‌ಸ್ಟೇಬಲ್‌ಗಳು ಬಂದು ಬಾಗಿಲು ಬಡಿಯುವುದು, ನಿದ್ದೆಯಿಂದ ಎಬ್ಬಿಸಿ ಠಾಣೆಗೆ ಕರೆಯುವುದು, ಊರು ಬಿಟ್ಟರೆ ಎಲ್ಲಿಗೆಂದು ಹೇಳಿ ಹೋಗೆನ್ನುವುದು ನಡೆಯಿತು. 1962ರ ಡಿಸೆಂಬರಿನಲ್ಲಿ ಆರು ನ್ಯಾಯಮೂರ್ತಿಗಳ ಪೀಠ ರಾತ್ರಿಯ ಮನೆಭೇಟಿಯನ್ನು ರದ್ದು ಮಾಡಿತು. ಖಾಸಗಿತನ ಮೂಲಭೂತ ಹಕ್ಕಲ್ಲವೆಂದು ಹೇಳಿ ಉಳಿದ ಕಣ್ಗಾವಲನ್ನು ಬಹುಮತ ಎತ್ತಿಹಿಡಿಯಿತು. ಸದಾ ನೆರಳಿನಂತೆ ಹಿಂಬಾಲಿಸಿದರೆ ಸ್ವಾತಂತ್ರ್ಯ ಉಳಿಯದೆಂದು ಕಂಡ ನ್ಯಾಯಮೂರ್ತಿ ಸುಬ್ಬರಾವ್ ಭಿನ್ನ ತೀರ್ಪು ಬರೆದರು. ಅವರ ನಿಲುವೇ ಸರಿಯೆಂದು ಒಪ್ಪಲು ದೇಶಕ್ಕೆ ಅರ್ಧ ಶತಮಾನ ಮೀರಿ ಹಿಡಿಯಿತು.

ಆ ಕಾಲದ ಹಾಳೆ ಎಷ್ಟೇ ಅನ್ಯಾಯದ್ದಾಗಿದ್ದರೂ ಅದಕ್ಕೊಂದು ಮಿತಿಯಿತ್ತು. ಅದು ಠಾಣೆಯ ಬೀರುವಿನಲ್ಲಿರುತ್ತಿತ್ತು. ಇನ್ನೊಂದು ಜಿಲ್ಲೆಗೆ ಅದು ತಲುಪಬೇಕಾದರೆ ಯಾರಾದರೂ ಪತ್ರ ಬರೆಯಬೇಕು, ಬರೆಯಲು ಕಾರಣವೂ ಇರಬೇಕು. ಕಂಪ್ಯೂಟರ್ ಈ ಮಿತಿಯನ್ನು ಅಳಿಸಿತು. 1986ರಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹುಟ್ಟಿತು. 2009ರಲ್ಲಿ 2,000 ಕೋಟಿ ರೂಪಾಯಿ ವೆಚ್ಚದ ಸಿಸಿಟಿಎನ್‌ಎಸ್‌ಗೆ ಒಪ್ಪಿಗೆ ಸಿಕ್ಕಿ, ಬರುಬರುತ್ತಾ 15,000ಕ್ಕೂ ಹೆಚ್ಚು ಠಾಣೆಗಳು ಅದರೊಳಗೆ ಬಂದವು. ಕರ್ನಾಟಕ ತನ್ನದೇ ‘ಪೊಲೀಸ್ ಐಟಿ’ ತಂತ್ರಾಂಶ ಇಟ್ಟುಕೊಂಡೇ ಈ ಜಾಲಕ್ಕೆ ಸೇರಿತು.

ಗುಪ್ತಚರ ಶೋಧಕ್ಕೆ ವೇಗ ಕೊಟ್ಟದ್ದು 2008ರ ನವೆಂಬರ್ 26ರ ಮುಂಬೈ ದಾಳಿ. ದಾಳಿಯ ಜಾಗಗಳನ್ನು ಮೊದಲೇ ನೋಡಿಹೋದ ಡೇವಿಡ್ ಹೆಡ್ಲಿ ಹಲವು ಬಾರಿ ವೀಸಾ ಪಡೆದೇ ಭಾರತಕ್ಕೆ ಬಂದಿದ್ದ. ಅವನ ಜಾಡು ಬೇರೆ ಬೇರೆ ಕಚೇರಿಗಳಲ್ಲಿ ತುಂಡುತುಂಡಾಗಿ ಬಿದ್ದಿತ್ತು, ಕೂಡಿಸಿ ನೋಡುವವರಿರಲಿಲ್ಲ. ಈ ಕೊರತೆ ನಿಜವಾದದ್ದು. ಅಷ್ಟು ಜೀವ ಹೋದ ಮೇಲೆ ಅದನ್ನು ಹಗುರವಾಗಿ ತಳ್ಳಿಹಾಕುವುದು ಸಲ್ಲದು. ಆಗಿನ ಗೃಹಸಚಿವ ಪಿ. ಚಿದಂಬರಂ ಮುಂದಿಟ್ಟ ನ್ಯಾಟ್‌ಗ್ರಿಡ್‌ಗೆ 2011ರ ಜೂನ್‌ನಲ್ಲಿ ತಾತ್ವಿಕ ಒಪ್ಪಿಗೆ ಸಿಕ್ಕಿತು. ರೈಲು, ವಿಮಾನ, ಬ್ಯಾಂಕು, ತೆರಿಗೆ, ವಲಸೆ ಸೇರಿ 21 ಬಗೆಯ ದತ್ತಾಂಶಗಳಿಗೆ ಕೊಂಡಿ ಹಾಕುವುದು ಮೂಲ ಯೋಜನೆ. ಅದೇ ತಿಂಗಳು ಸಂಸ್ಥೆಯನ್ನು ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯಿಂದ ಬಹುಮಟ್ಟಿಗೆ ಹೊರಗಿಟ್ಟರು. ಸಂಸತ್ತು ಅದಕ್ಕೆಂದೇ ಕಾಯ್ದೆ ಮಾಡಲಿಲ್ಲ. ಅದು ಸರ್ಕಾರಿ ಆದೇಶದ ಕೂಸು. ನ್ಯಾಟ್‌ಗ್ರಿಡ್ ತಾನಾಗಿ ಏನನ್ನೂ ಶೇಖರಿಸುವುದಿಲ್ಲ, ಇರುವುದನ್ನು ಕೇಳಿ ತರುತ್ತದೆ ಅಷ್ಟೇ ಎಂಬ ಸಮರ್ಥನೆ ಆಗಿನಿಂದಲೂ ಇದೆ.

ಜೋಡಿಸುವ ಕ್ರಿಯೆಯೇ ಹೊಸ ತಿಳಿವನ್ನು ಹುಟ್ಟಿಸುತ್ತದೆ ಎಂಬುದನ್ನು ಈ ಸಮರ್ಥನೆ ಮರೆಯುತ್ತದೆ. ಜರ್ಮನಿಯ ಸಂವಿಧಾನ ನ್ಯಾಯಾಲಯ 2023ರ ಫೆಬ್ರವರಿ 16ರಂದು ಇದನ್ನೇ ಹಿಡಿದು ಹೆಸ್ಸೆ ಮತ್ತು ಹ್ಯಾಂಬರ್ಗ್ ರಾಜ್ಯಗಳ ಕಾನೂನುಗಳನ್ನು ಅಸಾಂವಿಧಾನಿಕ ಎಂದಿತು. ಹೆಸ್ಸೆಯ ಪೊಲೀಸರು ಪ್ಯಾಲಂಟಿರ್ ಕಂಪನಿಯ ತಂತ್ರಾಂಶದಿಂದ ಹಲವು ಕಡತಗಳನ್ನು ಒಟ್ಟಿಗೆ ಶೋಧಿಸುತ್ತಿದ್ದರು. ಕಾನೂನುಬದ್ಧವಾಗಿ ಕಲೆಹಾಕಿದ ಮಾಹಿತಿಯಾದರೂ ಅದನ್ನು ಯಂತ್ರದಿಂದ ಬೆಸೆದು ವಿಶ್ಲೇಷಿಸುವುದು ಪ್ರತ್ಯೇಕವಾದ ಅತಿಕ್ರಮಣ, ಅದಕ್ಕೆ ತಕ್ಕ ಕಟ್ಟುನಿಟ್ಟು ಬೇಕು ಎಂದು ನ್ಯಾಯಾಲಯ ಕಂಡಿತು.

ಭಾರತದಲ್ಲಿ ಈ ಬೆಸುಗೆ ಮೊದಲು ಎಡವುವುದು ಹೆಸರಿನಲ್ಲೇ. ಕನ್ನಡನಾಡಿನ ಉದಾಹರಣೆಯನ್ನೇ ನೋಡಬಹುದು. ಎಷ್ಟೋ ಮಂದಿಗೆ ಮನೆತನದ ಹೆಸರಿಲ್ಲ. ಊರಿನದೋ ತಂದೆಯದೋ ಮೊದಲಕ್ಷರವೇ ಇನಿಷಿಯಲ್. ರೇಷನ್ ಕಾರ್ಡಿನಲ್ಲಿ ಹೆಸರಿನ ಮುಂದಿದ್ದ ಇನಿಷಿಯಲ್ ಪಾನ್ ಕಾರ್ಡಿನಲ್ಲಿ ಬಿಡಿಸಿಕೊಂಡು ಕೊನೆಗೆ ಹೋಗಿರುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗ ಮಂಜುನಾಥನ ಕೊನೆಗೆ ಒಬ್ಬರು ‘ಎ’ ಇಡುತ್ತಾರೆ, ಇನ್ನೊಬ್ಬರು ಬಿಡುತ್ತಾರೆ, ಮತ್ತೊಬ್ಬರು ‘ಎಚ್’ ನುಂಗುತ್ತಾರೆ. ಶೋಧ ಅಕ್ಷರಕ್ಕೆ ಅಕ್ಷರ ಹೊಂದಬೇಕೆಂದರೆ ಬೇಕಾದವನು ತಪ್ಪಿಸಿಕೊಳ್ಳುತ್ತಾನೆ. ಉಚ್ಚಾರ ಹತ್ತಿರವಿದ್ದುದನ್ನೆಲ್ಲ ಎತ್ತಿಕೊಟ್ಟರೆ, ಅದೇ ಹೆಸರಿನ, ತಂದೆಯ ಹೆಸರೂ ಅದೇ ಆಗಿರುವ ಇನ್ನೊಬ್ಬ ಬಡಪಾಯಿ ಪರದೆಯ ಮೇಲೆ ಬರುತ್ತಾನೆ. ತಪಾಸಣೆಗೆ ನಿಲ್ಲಿಸಿದ ನಡುರಾತ್ರಿಯಲ್ಲಿ ಆ ಮಂಜುನಾಥ ನಾನಲ್ಲವೆಂದು ರುಜುವಾತು ಮಾಡುವ ಹೊಣೆ ಅವನ ತಲೆಗೇ ಬೀಳುತ್ತದೆ.

ಖಾಸಗಿತನಕ್ಕೆ ಸಂವಿಧಾನದ ನೆಲೆ ಒದಗಿಸಿದ ಮೊಕದ್ದಮೆಗೂ ಕರ್ನಾಟಕಕ್ಕೂ ನೇರ ನಂಟಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕೆಂದರು. ಖಡಕ್ ಸಿಂಗ್ ತೀರ್ಪಿನ ಆ ಭಾಗ ಬಿದ್ದುಹೋಯಿತು. ಸರ್ಕಾರ ಈ ಹಕ್ಕಿಗೆ ಕೈಹಾಕುವುದಾದರೆ ಕಾನೂನು ಇರಬೇಕು, ಉದ್ದೇಶ ನ್ಯಾಯವಾಗಿರಬೇಕು, ಕ್ರಮ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಕಾಯ್ದೆಯಿಲ್ಲದ ನ್ಯಾಟ್‌ಗ್ರಿಡ್ ಮೊದಲನೆಯ ಮೆಟ್ಟಿಲನ್ನೇ ಹೇಗೆ ಹತ್ತೀತು ಎಂಬ ಪ್ರಶ್ನೆ ಅಂದಿನಿಂದ ಹಾಗೇ ಉಳಿದಿದೆ.

ತೀರ್ಪಿನ ನಂತರವೂ ದಾಖಲೆಯ ವ್ಯಾಪ್ತಿ ಹಿಗ್ಗುತ್ತಲೇ ಹೋಯಿತು. 1920ರ ಕೈದಿಗಳ ಗುರುತು ಕಾಯ್ದೆಯ ಬದಲು 2022ರಲ್ಲಿ ಬಂದ ಕಾಯ್ದೆ ಬೆರಳಚ್ಚಿನ ಜೊತೆಗೆ ಕಣ್ಣಿನ ಪಾಪೆ, ಜೈವಿಕ ಮಾದರಿ, ಕೈಬರಹದವರೆಗೂ ಸಂಗ್ರಹಿಸಿ 75 ವರ್ಷ ಇಡಲು ಅವಕಾಶ ಕೊಟ್ಟಿತು. ಹಿಂದೆ ಶಿಕ್ಷೆಯಾಗದವರು ಖುಲಾಸೆಯಾದರೆ, ನ್ಯಾಯಾಲಯ ಬೇರೆ ಹೇಳದ ಹೊರತು, ದಾಖಲೆ ನಾಶಪಡಿಸಬೇಕೆಂಬ ಮಾತೂ ಅದರಲ್ಲಿದೆ. ಈ ಕಾಯ್ದೆ ಅಳತೆ ಮಾದರಿಗಳಿಗೆ ಸಂಬಂಧಿಸಿದ್ದು, ಠಾಣೆಯಲ್ಲಿ ಹೆಸರಿನ ಸುತ್ತ ಬರೆದಿಟ್ಟ ಸಂಶಯ ಅದರ ಹೊರಗೇ ಉಳಿಯುತ್ತದೆ. ಎಫ್‌ಐಆರ್ ಅನ್ನು 24 ಗಂಟೆಯೊಳಗೆ ಅಂತರ್ಜಾಲಕ್ಕೆ ಏರಿಸಬೇಕೆಂದು, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು, ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು. ಆರೋಪಿಗೆ ಅನುಕೂಲವಾಗಲೆಂದು ಮಾಡಿದ ಆದೇಶವದು. ಪ್ರಕರಣ ಮುಚ್ಚುವ ಬಿ ರಿಪೋರ್ಟ್ ಬಿದ್ದಾಗ, ಖುಲಾಸೆಯಾದಾಗ ಅದನ್ನೂ ಇಷ್ಟು ಗಂಟೆಯೊಳಗೆ ಸೇರಿಸಬೇಕೆಂಬ ಗಡುವು ಅದರಲ್ಲಿಲ್ಲ.

2024ರ ಮೇ ತಿಂಗಳಲ್ಲಿ ದೆಹಲಿಯ ಶಾಸಕರೊಬ್ಬರ ಹಿಸ್ಟರಿ ಶೀಟ್ ಬಯಲಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಈ ಹಾಳೆಯತ್ತ ತಿರುಗಿತು. ಅದರಲ್ಲಿ ಅವರ ಅಪ್ರಾಪ್ತ ಮಕ್ಕಳ ವಿವರವೂ ಸೇರಿತ್ತು. ಇದು ಪೊಲೀಸರ ಆಂತರಿಕ ದಾಖಲೆ, ಸಾರ್ವಜನಿಕವಾಗಕೂಡದು ಎಂದ ನ್ಯಾಯಾಲಯ, ಹಿಂದುಳಿದ ಹಾಗೂ ಪರಿಶಿಷ್ಟ ಸಮುದಾಯಗಳ ಜನರ ಮೇಲೆ ಯಾಂತ್ರಿಕವಾಗಿ ಶೀಟ್ ತೆರೆಯುವ ಬಗ್ಗೆ ಕಳವಳ ತೋರಿ, ನೀತಿ ಪರಿಶೀಲಿಸುವಂತೆ ರಾಜ್ಯಗಳಿಗೂ ಹೇಳಿತು. 1871ರ ಪಟ್ಟಿಯಲ್ಲಿದ್ದ ಮನೆತನಗಳ ಮಟ್ಟಿಗೆ ಆ ಮಾತು ಬಹಳ ತಡವಾಗಿ ಬಂದದ್ದು. ಅಷ್ಟರಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತನ್ನ 17ನೇ ಸೆಕ್ಷನ್‌ನಲ್ಲಿ ಅಪರಾಧ ತಡೆ ಮತ್ತು ತನಿಖೆಯ ಕೆಲಸಕ್ಕೆ ವಿನಾಯಿತಿ ಕೊಟ್ಟಿತ್ತು. ತನ್ನ ಬಗ್ಗೆ ಏನಿದೆ ಎಂದು ಕೇಳುವ, ತಪ್ಪಿದ್ದರೆ ತಿದ್ದಿಸುವ, ಬೇಡವಾದದ್ದನ್ನು ಅಳಿಸುವ ಹಕ್ಕನ್ನು ಅದೇ ಕಾಯ್ದೆ ನಾಗರಿಕರಿಗೆ ಬ್ಯಾಂಕು, ಅಂಗಡಿ, ಆ್ಯಪ್‌ಗಳ ವಿರುದ್ಧ ಕೊಡುತ್ತದೆ. ಪೊಲೀಸ್ ಶೋಧದ ಪರದೆಯ ಮುಂದೆ ಆ ಹಕ್ಕು ನಡೆಯುವುದಿಲ್ಲ.