ಗಾಳಿಗೆ ಹಾರದಿರಲಿ ಕುದುರೆ ಲಾಯ: ತಾತ್ಕಾಲಿಕ ಶೆಡ್ ಬಿಗಿಯುವುದು ಹೇಗೆ?

ಮಾಥೇರಾನ್ ಗುಡ್ಡದಲ್ಲಿ ಹಲವು ಕುಟುಂಬಗಳ ಹೊಟ್ಟೆಪಾಡು ಇಂದಿಗೂ ಕುದುರೆಯ ಮೇಲೆಯೇ ನಿಂತಿದೆ. ನಗರಗಳ ಹೊರವಲಯದ ಸವಾರಿ ಶಾಲೆಗಳು, ಮದುವೆ ದಿಬ್ಬಣಕ್ಕೆ ಕುದುರೆ ಕೊಡುವವರು ಕೂಡ ಇದೇ ಪ್ರಾಣಿಯನ್ನು ನಂಬಿದವರು. ಜಾಗ ಬಾಡಿಗೆಯದ್ದಾದರೆ ಪಕ್ಕಾ ಕಟ್ಟಡ ಕಟ್ಟುವಂತಿಲ್ಲ. ಕಬ್ಬಿಣದ ಪೈಪ್, ತಗಡು ಅಥವಾ ಟಾರ್ಪಾಲಿನ್‌ನಿಂದ ಮಾಡಿದ, ಬಿಚ್ಚಿ ಬೇರೆಡೆ ಸಾಗಿಸಬಹುದಾದ ಶೆಡ್ಡೇ ಲಾಯ. ಬಿಸಿಲು, ಮಳೆಗೆ ಅದು ಸಾಕು. ಗಾಳಿಗೆ ಸಾಕೇ?

2024ರ ಮೇ 13ರಂದು ಮುಂಬೈನ ಘಾಟ್ಕೋಪರ್‌ನಲ್ಲಿ ಬಿರುಗಾಳಿಗೆ ದೈತ್ಯ ಹೋರ್ಡಿಂಗ್ ಉರುಳಿ 17 ಮಂದಿ ಪ್ರಾಣ ಕಳೆದುಕೊಂಡರು. ಅಗಲವಾದ ಹಲಗೆಗೆ ಗಾಳಿ ಸಿಕ್ಕಿದಾಗ ನೆಲದ ಹಿಡಿತ ಎಷ್ಟು ಮುಖ್ಯ ಎಂಬುದನ್ನು ಆ ದುರಂತ ತೋರಿಸಿತು. ಲಾಯದ ಚಾವಣಿ ಚಿಕ್ಕದಿರಬಹುದು, ನಿಯಮ ಮಾತ್ರ ಒಂದೇ.

ಗಾಳಿ ತಳ್ಳುವುದಷ್ಟೇ ಅಲ್ಲ, ಎತ್ತುತ್ತದೆ

ಶೆಡ್ ಭಾರವಾಗಿದೆ, ಅಲುಗಾಡುವುದಿಲ್ಲ ಎಂಬುದು ಸಾಮಾನ್ಯ ತಪ್ಪು ಕಲ್ಪನೆ. ಚಾವಣಿಯ ಮೇಲಿಂದ ಗಾಳಿ ವೇಗವಾಗಿ ಹರಿದಾಗ ತಗಡನ್ನು ಮೇಲಕ್ಕೆ ಸೆಳೆಯುತ್ತದೆ. ಲಾಯದ ಒಂದು ಬದಿ ತೆರೆದಿದ್ದರೆ ಒಳನುಗ್ಗಿದ ಗಾಳಿಯೂ ಕೆಳಗಿನಿಂದ ಒತ್ತುತ್ತದೆ. ಎರಡೂ ಸೇರಿದರೆ ಶೆಡ್ ಕೊಡೆಯಂತೆ ಮೇಲೇಳುತ್ತದೆ.

ಭಾರತೀಯ ಮಾನದಂಡ ಐಎಸ್ 875ರ ಮೂರನೇ ಭಾಗದಲ್ಲಿ ಗಾಳಿಯ ಒತ್ತಡಕ್ಕೆ ಸರಳ ಸೂತ್ರವಿದೆ. ಸೆಕೆಂಡಿಗೆ ಎಷ್ಟು ಮೀಟರ್ ಎಂಬ ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ, ಪ್ರತಿ ಚದರ ಮೀಟರ್‌ಗೆ ಬೀಳುವ ಒತ್ತಡ ನ್ಯೂಟನ್‌ಗಳಲ್ಲಿ ಸಿಗುತ್ತದೆ. ಇದರ ಪ್ರಕಾರ 12 ಅಡಿ ಉದ್ದ, 12 ಅಡಿ ಅಗಲದ ಚಾವಣಿಯ ಮೇಲಿನ ಬಲ ಅಂದಾಜು ಹೀಗಿರುತ್ತದೆ:

* ಗಂಟೆಗೆ 60 ಕಿ.ಮೀ. ಗಾಳಿ: 230 ಕೆಜಿ ತೂಕದಷ್ಟು
* ಗಂಟೆಗೆ 100 ಕಿ.ಮೀ. ಗಾಳಿ: 630 ಕೆಜಿ
* ಗಂಟೆಗೆ 120 ಕಿ.ಮೀ. ಗಾಳಿ: 910 ಕೆಜಿ

ಗಮನಿಸಿ, ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ. ಕಳೆದ ವರ್ಷದ ಗಾಳಿಗೆ ಏನೂ ಆಗಲಿಲ್ಲ ಎಂಬುದು ಈ ವರ್ಷಕ್ಕೆ ಭರವಸೆಯಲ್ಲ.

ಪ್ರತಿ ಮೂಲೆಗೆ ಎಷ್ಟು ಹಿಡಿತ ಬೇಕು?

100 ಕಿ.ಮೀ. ಗಾಳಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಸುರಕ್ಷತೆಗಾಗಿ ಒಂದೂವರೆ ಪಟ್ಟು ಹಿಡಿದರೆ 945 ಕೆಜಿ. ಶೆಡ್‌ನ ಸ್ವಂತ ತೂಕ 270 ಕೆಜಿ ಎಂದು ಕಳೆದರೆ ಉಳಿಯುವುದು 675 ಕೆಜಿ. ಗಾಳಿ ನಾಲ್ಕೂ ಮೂಲೆಗಳನ್ನು ಸಮನಾಗಿ ಎಳೆಯುವುದಿಲ್ಲ. ಎದುರಿಗೆ ಸಿಕ್ಕಿದ ಎರಡು ಮೂಲೆಗಳಿಗೇ ಹೆಚ್ಚಿನ ಎಳೆತ. ಆದ್ದರಿಂದ ಪ್ರತಿ ಮೂಲೆಯೂ ಕನಿಷ್ಠ 340 ಕೆಜಿ ತಡೆಯುವಂತಿರಬೇಕು.

2 ಅಡಿ ಉದ್ದ, 2 ಅಡಿ ಅಗಲ, ಒಂದೂವರೆ ಅಡಿ ದಪ್ಪದ ಕಾಂಕ್ರೀಟ್ ದಿಮ್ಮಿ ಸುಮಾರು 400 ಕೆಜಿ ತೂಗುತ್ತದೆ. ಪ್ರತಿ ಕಂಬದ ಬುಡಕ್ಕೂ ಇಂಥದ್ದೊಂದನ್ನು ಹೂತು, ಅದರೊಳಗೆ ಕೂರಿಸಿದ ಬೋಲ್ಟ್‌ಗೆ ಕಂಬವನ್ನು ಬಿಗಿಯಬಹುದು. ಶೆಡ್ ಬೇರೆಡೆ ಸಾಗಿಸುವಾಗ ನಟ್ ಬಿಚ್ಚಿದರಾಯಿತು. 50 ಕೆಜಿಯ ಎರಡು ಮರಳು ಚೀಲ ಕಟ್ಟಿದರೆ ಸಾಲದು ಎಂಬುದು ಈ ಲೆಕ್ಕದಿಂದಲೇ ಸ್ಪಷ್ಟ. ಶೆಡ್ ಇದಕ್ಕಿಂತ ದೊಡ್ಡದಿದ್ದರೆ ಎಂಜಿನಿಯರ್ ಒಬ್ಬರ ಸಲಹೆ ಪಡೆಯುವುದು ಒಳ್ಳೆಯದು.

ಮಣ್ಣು ನೋಡಿ ಆಂಕರ್ ಆರಿಸಿ

ನೇರ ಗೂಟ ಒಣ ನೆಲದಲ್ಲಿ ಗಟ್ಟಿಯಾಗಿ ಕಾಣುತ್ತದೆ, ಮಣ್ಣು ನೆನೆದೊಡನೆ ಕಿತ್ತು ಬರುತ್ತದೆ. ಜೋರು ಗಾಳಿ ಸಾಮಾನ್ಯವಾಗಿ ಮಳೆಯ ಜೊತೆಗೇ ಬರುತ್ತದೆ ಎಂಬುದನ್ನು ಮರೆಯಬೇಡಿ. ತಿರುಪಿನಂತೆ ನೆಲಕ್ಕಿಳಿಯುವ ಸ್ಕ್ರೂ ಆಂಕರ್‌ನ ಹಿಡಿತ ಇದಕ್ಕಿಂತ ಹೆಚ್ಚು.

* ದಖ್ಖನ್ ಭಾಗದ ಕಪ್ಪು ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು, ಮಳೆಗೆ ಉಬ್ಬುತ್ತದೆ. ಆಂಕರ್ ಬಿರುಕಿನ ಪದರವನ್ನು ದಾಟಿ ಆಳಕ್ಕೆ ಹೋಗಬೇಕು.
* ಚೆನ್ನೈ ಕರಾವಳಿಯ ಮರಳಿನಲ್ಲಿ ಅಗಲ ತಟ್ಟೆಯ ಉದ್ದನೆಯ ಸ್ಕ್ರೂ ಆಂಕರ್ ಅಥವಾ ಆಳದಲ್ಲಿ ಹೂತ ಕಾಂಕ್ರೀಟ್ ದಿಮ್ಮಿ ಬೇಕು.
* ಮಾಥೇರಾನ್‌ನಂಥ ಜಂಬಿಟ್ಟಿಗೆ ನೆಲದಲ್ಲಿ ಸ್ಕ್ರೂ ಇಳಿಯುವುದು ಕಷ್ಟ. ಕಲ್ಲು ಕೊರೆದು, ಸರಳು ಇಟ್ಟು, ಸಿಮೆಂಟ್ ಗಾರೆ ತುಂಬಬೇಕು.

ಸರಪಳಿಯ ಒಂದು ಕೊಂಡಿಯೂ ಸಡಿಲವಿರಬಾರದು

ಕಂಬ ನೆಲ ಬಿಡದಿದ್ದರೂ ತಗಡು ಹಾರಿಹೋದರೆ ಪ್ರಯೋಜನವಿಲ್ಲ. ತಗಡಿನಿಂದ ಅಡ್ಡಪಟ್ಟಿಗೆ, ಅಲ್ಲಿಂದ ಕಂಬಕ್ಕೆ, ಕಂಬದಿಂದ ಆಂಕರ್‌ಗೆ ಎಲ್ಲೆಡೆ ಬಿಗಿ ಇರಬೇಕು. ಚಾವಣಿಯ ಅಂಚು ಮತ್ತು ಮೂಲೆಗಳಲ್ಲಿ ಸೆಳೆತ ಹೆಚ್ಚಾದ್ದರಿಂದ ಅಲ್ಲಿ ಬೋಲ್ಟ್‌ಗಳು ಹತ್ತಿರ ಹತ್ತಿರ ಇರಲಿ. ಮೊಳೆಯನ್ನು ನಂಬಬೇಡಿ, ವಾಷರ್ ಸಹಿತ ಜೆ ಹುಕ್ ಹಾಕಿ. ನೈಲಾನ್ ಹಗ್ಗ ನೆನೆದರೆ ಜಗ್ಗುತ್ತದೆ, ಬಿಸಿಲಿಗೆ ಸವೆಯುತ್ತದೆ. ಉಕ್ಕಿನ ತಂತಿ ಹಗ್ಗ, ಅದನ್ನು ಆಗಾಗ ಬಿಗಿಗೊಳಿಸಲು ಟರ್ನ್‌ಬಕಲ್ ಇದ್ದರೆ ಉತ್ತಮ.

ಆದರೆ ಬಿಗಿಯುವ ಉತ್ಸಾಹದಲ್ಲಿ ಕುದುರೆಯನ್ನೇ ಮರೆಯಬಾರದು. ಹೊರಗೆ ಓರೆಯಾಗಿ ಎಳೆದು ಕಟ್ಟಿದ ತಂತಿಗೆ ಕುದುರೆಯ ಕಾಲು ಸಿಕ್ಕಿದರೆ ಗಾಳಿಗಿಂತ ಅದೇ ದೊಡ್ಡ ಅಪಾಯ. ಸಾಧ್ಯವಾದಷ್ಟೂ ಕಂಬದ ಬುಡದಲ್ಲೇ ಆಂಕರ್ ಹಾಕಿ, ಅದರ ತಲೆ ನೆಲಮಟ್ಟಕ್ಕಿಂತ ಕೆಳಗಿರಲಿ. ತಂತಿ ಅನಿವಾರ್ಯವಾದರೆ ಅದಕ್ಕೆ ಬಣ್ಣದ ಪ್ಲಾಸ್ಟಿಕ್ ಪೈಪ್ ತೊಡಿಸಿ, ಸುತ್ತ ಬೇಲಿ ಹಾಕಿ.

ತೆರೆದ ಬದಿ ಯಾವ ದಿಕ್ಕಿಗೆ?

ಮುಂಬೈ, ಕೊಂಕಣದಲ್ಲಿ ಮುಂಗಾರಿನ ಗಾಳಿ ನೈಋತ್ಯದಿಂದ ಬೀಸುತ್ತದೆ. ಆದ್ದರಿಂದ ಲಾಯದ ಬೆನ್ನು ಆ ಕಡೆಗಿರಲಿ. ಹಾಗೆಂದು ಆ ಬದಿಯನ್ನು ಮಾತ್ರ ಬಿಗಿದರೆ ಸಾಲದು. ಚಂಡಮಾರುತ ಹಾದುಹೋಗುವಾಗ ಗಾಳಿಯ ದಿಕ್ಕೇ ಬದಲಾಗುತ್ತದೆ. ನಾಲ್ಕೂ ಮೂಲೆಗಳಿಗೆ ಒಂದೇ ರೀತಿಯ ಹಿಡಿತ ಬೇಕು.

ಯಾವಾಗ ಕುದುರೆಯನ್ನು ಸ್ಥಳಾಂತರಿಸಬೇಕು?

ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ ಗಂಟೆಗೆ 62ರಿಂದ 88 ಕಿ.ಮೀ. ಗಾಳಿ ಇದ್ದರೆ ಚಂಡಮಾರುತ, 89ರಿಂದ 117 ಇದ್ದರೆ ತೀವ್ರ ಚಂಡಮಾರುತ. ಮೇಲೆ ಹೇಳಿದ ಶೆಡ್‌ನ ಲೆಕ್ಕ 100 ಕಿ.ಮೀ.ಗೆ ಮಾಡಿದ್ದು. ತೀವ್ರ ಚಂಡಮಾರುತದ ಮುನ್ಸೂಚನೆ ಬಂದರೆ ಕುದುರೆಯನ್ನು ಮೊದಲೇ ಗಟ್ಟಿ ಕಟ್ಟಡಕ್ಕೆ ಸಾಗಿಸುವುದೇ ಸರಿ. ಟಾರ್ಪಾಲಿನ್ ಲಾಯವಾದರೆ ಹೊದಿಕೆ ಬಿಚ್ಚಿಡಿ, ಆಗ ಗಾಳಿಗೆ ಹಿಡಿಯಲು ಸಿಗುವುದು ಬರೀ ಚೌಕಟ್ಟು. ಹಾರಬಲ್ಲ ಬಕೆಟ್, ತಗಡು, ಹಲಗೆಗಳನ್ನೂ ತೆಗೆದಿಡಿ. ಅಲುಗಾಡುವ ಶೆಡ್‌ನಲ್ಲಿ ಕುದುರೆಯನ್ನು ಎಂದಿಗೂ ಕಟ್ಟಿಹಾಕಬೇಡಿ. ತಗಡಿನ ಸದ್ದಿಗೆ ಬೆದರಿದ ಪ್ರಾಣಿ ತಪ್ಪಿಸಿಕೊಳ್ಳಲಾಗದೆ ಗಾಯ ಮಾಡಿಕೊಳ್ಳುತ್ತದೆ.

ಮೊದಲ ಮಳೆ ಬಿದ್ದ ಮರುದಿನವೇ ಪ್ರತಿ ಕಂಬವನ್ನೂ ಕೈಯಿಂದ ಅಲುಗಾಡಿಸಿ ನೋಡಿ. ನಟ್ ಸಡಿಲವೇ, ತುಕ್ಕು ಹಿಡಿದಿದೆಯೇ, ಆಂಕರ್ ಸುತ್ತ ಮಣ್ಣು ಬಾಯಿಬಿಟ್ಟಿದೆಯೇ ಪರೀಕ್ಷಿಸಿ. ಪ್ರತಿ ದೊಡ್ಡ ಗಾಳಿಯ ನಂತರವೂ ಇದನ್ನೇ ಮಾಡಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗದಿರಲು ವರ್ಷಕ್ಕೆ ಕೆಲವು ಗಂಟೆಗಳ ಈ ಕೆಲಸ ಸಾಕು.