ಪ್ರವಾಸೋದ್ಯಮದಲ್ಲಿ ‘ಡಿಜಿಟಲ್ ಕೌಶಲ’: ಆ್ಯಪ್ ಬಳಸೋಕೆ ಬಂದರೆ ಸಾಕಾ?

ಪ್ರವಾಸೋದ್ಯಮದ ಬಗ್ಗೆ ಸರ್ಕಾರಗಳು ಮಾತಾಡುವಾಗ ಎರಡು ಪದ ಬಂದೇ ಬರುತ್ತವೆ: ಉದ್ಯೋಗ ಮತ್ತು ಡಿಜಿಟಲ್ ಕೌಶಲ. ಕೊಡಗಿನ ಹೋಂಸ್ಟೇ ಇರಲಿ, ಮೈಸೂರಿನ ಟ್ಯಾಕ್ಸಿ ಇರಲಿ, ಗಿರಾಕಿ ಮೊದಲು ಸಿಗೋದು ಈಗ ಮೊಬೈಲ್ ಪರದೆ ಮೇಲೆ. ಹಾಗಾದರೆ ಈ ಕೌಶಲ ಅಂದರೆ ಏನು? ಕಲಿತವರ ಕೈಗೆ ಏನು ಸಿಗುತ್ತೆ?

ಸರ್ಕಾರ ಏನು ಕಲಿಸುತ್ತಿದೆ?

ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2009-10ರಲ್ಲಿ ‘ಹುನರ್ ಸೆ ರೋಜ್‌ಗಾರ್ ತಕ್’ ಶುರು ಮಾಡಿದಾಗ ಕಲಿಸಿದ್ದು ಅಡುಗೆ ಮಾಡುವ, ಬಡಿಸುವ ಕೆಲಸಗಳನ್ನು. 2020ರ ಜನವರಿಯಲ್ಲಿ ಶುರುವಾದ ‘ಇನ್‌ಕ್ರೆಡಿಬಲ್ ಇಂಡಿಯಾ ಟೂರಿಸ್ಟ್ ಫೆಸಿಲಿಟೇಟರ್’ ಪ್ರಮಾಣಪತ್ರದ ಪಾಠಗಳು ಆನ್‌ಲೈನ್‌ಗೆ ಬಂದವು. ಆದರೆ ಆನ್‌ಲೈನ್‌ನಲ್ಲಿ ಕಲಿಯೋದು ಬೇರೆ, ಆನ್‌ಲೈನ್ ಮಾರುಕಟ್ಟೆಯಲ್ಲಿ ಬದುಕೋದು ಬೇರೆ.

ನಿಜಕ್ಕೂ ಬೇಕಿರೋದು ಏನೇನು?

• ಕ್ಯಾಲೆಂಡರ್: ಒಂದೇ ಕೋಣೆ ಮೂರು ತಾಣಗಳಲ್ಲಿ ಇದ್ದರೆ, ಒಂದು ಕಡೆ ಬುಕ್ ಆದ ತಕ್ಷಣ ಉಳಿದೆರಡು ಕಡೆ ಮುಚ್ಚಬೇಕು. ಇಲ್ಲದಿದ್ದರೆ ಎರಡು ಕುಟುಂಬ ಒಟ್ಟಿಗೆ ಬಾಗಿಲಿಗೆ ಬರುತ್ತವೆ, ಹಿಂದೆಯೇ ಕೆಟ್ಟ ರಿವ್ಯೂ ಕೂಡ.
• ಭದ್ರತೆ: ಯುಪಿಐನಲ್ಲಿ ಹಣ ಪಡೆಯೋಕೆ ಪಿನ್ ಬೇಕಿಲ್ಲ. ‘ಅಡ್ವಾನ್ಸ್ ಕಳಿಸ್ತೀನಿ, ಪಿನ್ ಹಾಕಿ’ ಅಂದರೆ ಅದು ಮೋಸವೇ.
• ಕಾನೂನು: ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಹೋಂಸ್ಟೇಗಳಿಗೂ ಇದು ಅನ್ವಯ.
• ಲೆಕ್ಕ: ಇದು ಎಲ್ಲಕ್ಕಿಂತ ಮುಖ್ಯ.

ಲೆಕ್ಕ ಹೇಗೆ?

ಒಂದು ಉದಾಹರಣೆ ನೋಡಿ. ಕೋಣೆ ಬಾಡಿಗೆ 2,000 ರೂ., ಬುಕಿಂಗ್ ತಾಣದ ಕಮಿಷನ್ ಶೇ. 20 ಅಂತಿಟ್ಟುಕೊಳ್ಳಿ. 400 ರೂ. ಅಲ್ಲೇ ಹೋಯ್ತು. ಆ ಕಮಿಷನ್ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 72 ರೂ. ಕೈಗೆ ಉಳಿಯೋದು 1,528. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಹೋಂಸ್ಟೇಗೆ ಆ 72 ವಾಪಸ್ ಸಿಗೋದೂ ಇಲ್ಲ. ವರ್ಷಕ್ಕೆ ಇಂಥ 100 ಬುಕಿಂಗ್ ಆದರೆ 47,200 ರೂ. ಹೊರಗೆ ಹೋಗುತ್ತೆ.

‘ಹಾಗಿದ್ರೆ ನೇರವಾಗಿ ಕಡಿಮೆ ದರಕ್ಕೆ ಕೊಡಲಿ’ ಅನ್ನಬಹುದು. ಸಮಸ್ಯೆ ಇರೋದೇ ಇಲ್ಲಿ.

ಕೌಶಲ ಇದ್ದರೂ ಕೈ ಕಟ್ಟಿಹಾಕೋದು ಯಾವುದು?

ಒಪ್ಪಂದ. ಬೇರೆ ತಾಣದಲ್ಲಾಗಲಿ, ಹೋಟೆಲಿನ ಸ್ವಂತ ವೆಬ್‌ಸೈಟಿನಲ್ಲಾಗಲಿ ಕಡಿಮೆ ದರಕ್ಕೆ ಮಾರಬಾರದು ಎಂಬ ‘ದರ ಸಮಾನತೆ’ ಷರತ್ತು ಅದರಲ್ಲಿ ಇರುತ್ತಿತ್ತು. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೋಗೆ 223.48 ಕೋಟಿ ರೂ. ದಂಡ ಹಾಕಿ, ಇಂಥ ಷರತ್ತು ತೆಗೆಯಲು ಹೇಳಿತು. ಪ್ರತಿಸ್ಪರ್ಧಿಗಳನ್ನು ಪಟ್ಟಿಯಿಂದ ಹೊರಗಿಟ್ಟ ಒಪ್ಪಂದಕ್ಕಾಗಿ ಓಯೋಗೂ 168.88 ಕೋಟಿ ರೂ. ದಂಡ ಬಿತ್ತು. ಎರಡೂ ಕಂಪನಿಗಳು ಮೇಲ್ಮನವಿ ಸಲ್ಲಿಸಿದವು.

ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದರೆ ಇನ್‌ಪುಟ್ ಮಾತ್ರ ನಮ್ಮದು. ಯಾರ ಹೆಸರು ಮೇಲೆ ಬರಬೇಕು ಅನ್ನೋ ಅಲ್ಗಾರಿದಂ ಕಂಪನಿಯದು.

ಕರ್ನಾಟಕದಲ್ಲಿ ಏನು ದಾರಿ ಇದೆ?

ರಾಜ್ಯದ 2025ರ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆಯ ಪಟ್ಟಿಯಲ್ಲಿ ಡೆಲಿವರಿ, ಕ್ಯಾಬ್ ಮಾತ್ರ ಅಲ್ಲ, ಪ್ರವಾಸ ಮತ್ತು ಆತಿಥ್ಯ ಸೇವೆಯೂ ಇದೆ. ಕಾರ್ಮಿಕರಿಗೆ ಕೊಡುವ ಮೊತ್ತದ ಶೇ. 1ರಿಂದ 5ರಷ್ಟನ್ನು ಕಂಪನಿ ಕಲ್ಯಾಣ ಶುಲ್ಕವಾಗಿ ಕಟ್ಟಬೇಕು. ಕಾರಣ ಬರೆದುಕೊಟ್ಟು, 14 ದಿನ ಮೊದಲೇ ನೋಟಿಸ್ ನೀಡದೆ ಕೆಲಸದಿಂದ ತೆಗೆಯುವಂತಿಲ್ಲ. ಆ್ಯಪ್ ಮೂಲಕ ಕೆಲಸ ಪಡೆಯೋ ಗೈಡ್, ಚಾಲಕರಿಗೆ ಇದು ಹಿಡಿದುಕೊಳ್ಳೋಕೆ ಒಂದು ಕೊಂಬೆ. ಹೋಂಸ್ಟೇ ನಡೆಸೋರನ್ನ ‘ಕಾರ್ಮಿಕರಲ್ಲ, ವ್ಯಾಪಾರಿಗಳು’ ಅನ್ನೋ ವಾದ ಬರಬಹುದು. ಅವರಿಗೆ ಆಸರೆ ಸ್ಪರ್ಧಾ ಕಾನೂನು.

ನಾವು ಏನು ಕೇಳಬೇಕು?

ತರಬೇತಿ ಶಿಬಿರದಲ್ಲಿ ಫೋಟೋ ಅಪ್‌ಲೋಡ್ ಮಾಡೋದನ್ನ ಕಲಿಸಲಿ, ತಪ್ಪಿಲ್ಲ. ಜೊತೆಗೆ ಒಪ್ಪಂದ ಓದೋದು, ಕಮಿಷನ್ ಲೆಕ್ಕ ಹಾಕೋದು, ದೂರು ಕೊಡೋದು ಕೂಡ ಪಠ್ಯದಲ್ಲಿರಲಿ, ಕನ್ನಡದಲ್ಲಿರಲಿ. ಮುಂದಿನ ಸಲ ಮಂತ್ರಿಗಳು ‘ಇಷ್ಟು ಜನರಿಗೆ ತರಬೇತಿ ಕೊಟ್ಟೆವು’ ಅಂದಾಗ ಒಂದೇ ಪ್ರಶ್ನೆ ಕೇಳಿ: ಅವರ ಕೈಗೆ ಉಳಿಯೋ ದುಡ್ಡು ಎಷ್ಟು ಹೆಚ್ಚಾಯ್ತು?