ತಂಗಿಗೆ ಹೇಳಿದ ಪದ

ನನ್ನ ಮದುವೆಯಾದದ್ದು 1993ರಲ್ಲಿ. ನಿಬ್ಬಣ ಹೊರಡುವ ಹೊತ್ತಿಗೆ ಮೈಕಿನ ಹುಡುಗ ಸಿ. ಅಶ್ವಥ್ ಅವರ ಕ್ಯಾಸೆಟ್ ಹಾಕಿದ. ಗಂಡನ ಮನೆಗೆ ಹೊರಟ ತಂಗಿಗೆ ಅಳಬೇಡವೆಂದು ಹೇಳುವ ಶಿಶುನಾಳ ಷರೀಫರ ಪದ ಅದು. ಹಾಡು ಬೇಡವೆಂದಷ್ಟೂ ನಮ್ಮ ಅಳು ಹೆಚ್ಚಾಯಿತು. ಎಂದೂ ಅಳದ ಅಪ್ಪ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು.

ಷರೀಫರು ಹುಟ್ಟಿದ್ದು 1819ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ. ನನ್ನಂತೆ ಅವರೂ ಕೆಲಕಾಲ ಶಾಲೆಯಲ್ಲಿ ಕಲಿಸಿದವರು. ಮುಂದೆ ಕಳಸದ ಗುರು ಗೋವಿಂದ ಭಟ್ಟರ ಶಿಷ್ಯರಾಗಿ, ಪದ ಕಟ್ಟಿ ಹಾಡುತ್ತ 1889ರಲ್ಲಿ ತೀರಿಕೊಂಡರು. ಅವರ ದನಿ ಯಾವ ಯಂತ್ರದಲ್ಲೂ ಉಳಿದಿಲ್ಲ. ಪದಗಳು ಉಳಿದದ್ದು ಹಳ್ಳಿಯ ಭಜನೆಯವರ ಬಾಯಲ್ಲಿ. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರ ಬಂದ ಮೇಲೆ, ಅಶ್ವಥ್ ಅವರ ಸಂಗೀತದಲ್ಲಿ ಅವು ನಮ್ಮಂಥ ಪೇಟೆಯವರ ಮನೆಮನೆಯನ್ನೂ ಹೊಕ್ಕವು. ಆ ಕ್ಯಾಸೆಟ್ಟಿನ ಧಾಟಿಯೇ ಷರೀಫರ ಧಾಟಿ ಎಂದು ನಾನು ನಂಬಿದ್ದೆ. ಬೇರೆ ಧಾಟಿಯಲ್ಲಿ ಹಾಡಿದ ಮಕ್ಕಳನ್ನು ತಿದ್ದಿದ್ದೂ ಉಂಟು.

2006ರಲ್ಲಿ ಅಪ್ಪ ಹೋದರು. ನಮ್ಮೂರ ರೂಢಿಯಂತೆ ರಾತ್ರಿಯಿಡೀ ಶವದ ಮುಂದೆ ಭಜನೆ. ನಡುರಾತ್ರಿ ದಾಟಿರಬೇಕು, ಪೇಟಿ, ತಬಲಾ, ತಾಳಗಳ ನಡುವೆ ಅದೇ ತಂಗಿಯ ಪದ ಎದ್ದಿತು. ಕ್ಯಾಸೆಟ್ಟಿನ ನಿಧಾನ ಅದರಲ್ಲಿರಲಿಲ್ಲ. ಒಬ್ಬರು ಹೇಳಿದ್ದನ್ನು ಹತ್ತು ಜನ ಎತ್ತಿ, ಜಾತ್ರೆಗೆ ಹೊರಟವರ ಗತ್ತಿನಲ್ಲಿ ಹಾಡುತ್ತಿದ್ದರು. ನನಗೆ ಸಿಟ್ಟು ಬಂತು. ಹಾಡು ನಿಂತಾಗ ಕೇಳಿಯೇಬಿಟ್ಟೆ: “ಕಾಕಾ, ಮದುವಿ ಹಾಡನ್ನ ಹೆಣದ ಮುಂದ ಹಾಡ್ತೀರಿ?”

ಮುಂದೆ ಹಾಡುತ್ತಿದ್ದ ಮುದುಕರು ತಾಳ ಕೆಳಗಿಟ್ಟರು. “ಯವ್ವಾ, ತವರಮನಿ ಅಂದ್ರ ಈ ಲೋಕ, ಗಂಡನ ಮನಿ ಅಂದ್ರ ಶಿವನ ಮನಿ. ಅವತ್ತ ನೀ ಹೋದಿ, ಇವತ್ತ ನಿಮ್ಮಪ್ಪ ಹೊಂಟಾನ. ಹಾಡು ಒಂದ ಐತಿ.”

ಹದಿಮೂರು ವರ್ಷ ನನ್ನದೆಂದುಕೊಂಡಿದ್ದ ಪದ ಆ ರಾತ್ರಿ ಅಪ್ಪನದಾಯಿತು. ಅಶ್ವಥ್ ಅಗಲುವವರ ದುಃಖ ಹಾಡಿದ್ದರು. ಭಜನೆಯವರು ಹೋಗುವವರ ದಾರಿ ಹಾಡಿದರು. ಎರಡೂ ಆ ಪದದೊಳಗೇ ಇದ್ದವು.

ಅಂದಿನಿಂದ ಧಾಟಿ ತಿದ್ದುವುದನ್ನು ಬಿಟ್ಟಿದ್ದೇನೆ. ಮುಂದೆ, 2008ರ ತಮ್ಮ ಆಲ್ಬಂನಲ್ಲಿ ರಘು ದೀಕ್ಷಿತ್ ಷರೀಫರ ಗುಡುಗುಡಿಯ ಪದವನ್ನು ಗಿಟಾರಿನೊಂದಿಗೆ ಹಾಡಿದ್ದನ್ನು ಕೇಳಿ ಮಗಳು ಕುಣಿದಾಗಲೂ ಬೈಯಲಿಲ್ಲ.

ಹೋದ ವರ್ಷ ಆ ಮಗಳ ಮದುವೆ. ಕಾರು ಹೊರಟು ಹೋದ ಮೇಲೆ ಛತ್ರದ ಮೆಟ್ಟಿಲ ಮೇಲೆ ಕುಳಿತು, ನನಗೇ ತಿಳಿಯದಂತೆ ತಂಗಿಯ ಪದ ಗುನುಗುತ್ತಿದ್ದೆ. ಭಜನೆಯ ಗತ್ತಿನಲ್ಲಿಯೇ. ಪಕ್ಕದಲ್ಲಿ ಕುಳಿತ ಅವ್ವ ಮಾತಾಡಲಿಲ್ಲ. ಮೊಣಕಾಲ ಮೇಲೆ ಮೆಲ್ಲಗೆ ತಾಳ ಹಾಕುತ್ತಿದ್ದಳು.